ಗಾಯನ ಸಾಮ್ರಾಜ್ಞಿ ಗೌಹರ್ ಜಾನ್

ಮನುಷ್ಯನಿಗೆ ಹೆಸರು ಎರಡು ಬಗೆಯಿಂದ ಬರುತ್ತದೆ. ತಾಯಿತಂದೆಗಳು ತೊಟ್ಟಿಲಲ್ಲಿಟ್ಟು ಕೂಗಿದ ಹೆಸರು ಒಂದು. ತನ್ನ ವಿದ್ಯೆಯಿಂದ, ದುಡಿಮೆಯಿಂದ ತಾನೇ ಗಳಿಸಿಕೊಂಡ ಹೆಸರು ಇನ್ನೊಂದು. ಮೊದಲನೆಯದು ಎಲ್ಲರಿಗೂ ಉಂಟು. ಎರಡನೆಯದು ಕೆಲವರಿಗೆ ಮಾತ್ರ ಲಭಿಸುವುದು. ಹುಟ್ಟಿದಾಗ ಇಟ್ಟ ಹೆಸರನ್ನು ಎಂಟನೆಯ ವಯಸ್ಸಿನ ಹೊತ್ತಿಗೆ ಕಳೆದುಕೊಂಡು, ಹೊಸ ಹೆಸರೊಂದನ್ನು ಪಡೆದು, ಆ ಹೆಸರನ್ನು ಭರತಖಂಡದ ಮನೆಮನೆಗೂ ತನ್ನ ಕಂಠದಿಂದಲೇ ಮುಟ್ಟಿಸಿದ ಒಬ್ಬ ಗಾಯಕಿಯ ಜೀವನವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಿದೆ. ಆಕೆಯೇ ಗೌಹರ್ ಜಾನ್. ನಮ್ಮ ದೇಶದಲ್ಲಿ ಗ್ರಾಮಫೋನಿನ ಮೂಲಕ ಜನಪ್ರಿಯತೆಯ ಶಿಖರವನ್ನು ಏರಿದ ಮೊದಲ ಗಾಯಕಿ ಆಕೆ. ಆಕೆಯ ಕೊನೆಯ ದಿನಗಳು ಕಳೆದುದು ನಮ್ಮ ಮೈಸೂರಿನಲ್ಲಿ ಎಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ.

ಈಗಿನ ಉತ್ತರ ಪ್ರದೇಶದಲ್ಲಿ, ಕಾಶಿಗೆ ಉತ್ತರದಲ್ಲಿ, ಆಜಮಗಢವೆಂಬ ಊರಿದೆ. ಅಲ್ಲಿ ೧೮೭೩ನೆಯ ಇಸವಿ ಜೂನ್ ೨೬ರಂದು ಒಂದು ಹೆಣ್ಣು ಮಗು ಹುಟ್ಟಿತು. ತಂದೆ ರಾಬರ್ಟ್ ವಿಲಿಯಂ ಯೋವರ್ಡ್, ಆ ಊರಿನ ಮಂಜುಗಡ್ಡೆಯ ಕಾರ್ಖಾನೆಯಲ್ಲಿ ಎಂಜಿನಿಯರ್. ಆತ ಆರ್ಮೀನಿಯನ್ ಮೂಲದವನೆಂದು ಹೇಳುವರು. ತಾಯಿ ವಿಕ್ಟೋರಿಯಾ ಹೆಮಿಂಗ್ಸ್. ಆಕೆಯ ತಂದೆ ಆಂಗ್ಲ, ತಾಯಿ ರುಕ್ಮಣಿ ಎಂಬ ಭಾರತೀಯ ಹೆಂಗಸು. ಮಗುವಿಗೆ ಏಂಜಲಿನಾ ಎಂದು ಹೆಸರಿಟ್ಟರು. ಹೀಗೆ ಒಂದೇ ಮನೆಯಲ್ಲಿ ಹಲವು ದೇಶಗಳ ರಕ್ತ, ಹಲವು ಭಾಷೆಗಳ ಮಾತು ಕೂಡಿದ್ದವು. ವಿಕ್ಟೋರಿಯಾಳಿಗೆ ಸಂಗೀತ ನೃತ್ಯಗಳಲ್ಲಿ ತುಂಬ ಆಸಕ್ತಿ. ಸ್ವತಃ ಹಾಡಬಲ್ಲವಳು, ಪದ್ಯಗಳನ್ನೂ ಕಟ್ಟಬಲ್ಲವಳು.

ಆದರೆ ಆ ಸಂಸಾರ ನೆಮ್ಮದಿಯಿಂದ ಸಾಗಲಿಲ್ಲ. ೧೮೭೯ರಲ್ಲಿ ಗಂಡಹೆಂಡಿರ ಸಂಬಂಧ ಮುರಿದುಬಿದ್ದಿತು. ಆರು ವರ್ಷದ ಮಗುವನ್ನು ಕಟ್ಟಿಕೊಂಡು ತಾಯಿ ಒಂಟಿಯಾದಳು. ಆ ಕಾಲದಲ್ಲಿ ಗಂಡನಿಂದ ದೂರವಾದ ಹೆಂಗಸಿಗೆ ಸಮಾಜದಲ್ಲಿ ಮರ್ಯಾದೆಯೂ ಇರಲಿಲ್ಲ, ಜೀವನೋಪಾಯವೂ ಇರಲಿಲ್ಲ. ಶಾಲೆಗಳಲ್ಲಿ ಕಚೇರಿಗಳಲ್ಲಿ ಇಂದು ಕಾಣುವಂತೆ ಹೆಣ್ಣುಮಕ್ಕಳಿಗೆ ಆಗ ಕೆಲಸವಿಲ್ಲ. ಕೈಯಲ್ಲಿ ಹಣವಿಲ್ಲ, ಕಂಠದಲ್ಲಿ ಮಾತ್ರ ಹಾಡು ಇದ್ದಿತು. ಅದನ್ನೇ ನೆಚ್ಚಿ ಆಕೆ ೧೮೮೧ರಲ್ಲಿ ಕಾಶಿಗೆ ಬಂದಳು. ಆಕೆಯ ಸಂಗೀತವನ್ನು ಮೆಚ್ಚಿದ್ದ ಖುರ್ಷಿದ್ ಎಂಬ ಗೃಹಸ್ಥನು ಆಕೆಗೆ ಆಸರೆಯಾಗಿ ಜೊತೆಯಲ್ಲಿ ಬಂದನು. ಅಲ್ಲಿ ತಾಯಿಮಗಳಿಬ್ಬರೂ ಇಸ್ಲಾಂ ಧರ್ಮವನ್ನು ಸ್ವೀಕರಿಸಿದರು. ವಿಕ್ಟೋರಿಯಾ ಮಲ್ಕಾ ಜಾನ್ ಆದಳು. ಏಂಜಲಿನಾ ಗೌಹರ್ ಜಾನ್ ಆದಳು. ಮಲ್ಕಾ ಎಂದರೆ ರಾಣಿ. ಗೌಹರ್ ಎಂದರೆ ಮುತ್ತು, ರತ್ನ. ಹೆಸರು ದೊಡ್ಡದು, ಆದರೆ ಬರಿಯ ಹೆಸರು ಹೊಟ್ಟೆಗೆ ಅನ್ನವಿಡುವುದಿಲ್ಲ. ಆ ಹೆಸರಿಗೆ ತಕ್ಕ ಬೆಲೆಯನ್ನು ಅವರಿಬ್ಬರೂ ದುಡಿದು ತರಬೇಕಾಗಿತ್ತು.

ಇಲ್ಲಿ ಒಂದು ಮಾತನ್ನು ವಿದ್ಯಾರ್ಥಿಗಳು ತಿಳಿದುಕೊಳ್ಳಬೇಕು. ಉತ್ತರ ಹಿಂದೂಸ್ಥಾನದಲ್ಲಿ ಅರಸರ, ನವಾಬರ, ಸಿರಿವಂತರ ಸಭೆಗಳಲ್ಲಿ ಹಾಡಿ ಕುಣಿದು ಜೀವಿಸುತ್ತಿದ್ದ ಕಲಾವಿದೆಯರಿಗೆ ತವಾಯಿಫರೆಂದು ಹೆಸರು. ಕುಲೀನ ಮನೆಗಳ ಹೆಣ್ಣುಮಕ್ಕಳು ಹಾಡುವುದೇ ತಪ್ಪೆಂದು ಎಣಿಸುತ್ತಿದ್ದ ಆ ದಿನಗಳಲ್ಲಿ ಠುಮರಿ, ದಾದ್ರಾ, ಗಜಲ್‌ಗಳನ್ನೂ ಕಥಕ್ ನೃತ್ಯದ ಅಭಿನಯವನ್ನೂ ಕಾಪಾಡಿ ಬೆಳೆಸಿದವರಲ್ಲಿ ಇವರೂ ಪ್ರಮುಖರು. ಅವರಿಗೆ ಅಕ್ಷರ ಬರುತ್ತಿತ್ತು, ಕಾವ್ಯ ಬರುತ್ತಿತ್ತು, ಸಭೆಯ ನಡೆನುಡಿ ತಿಳಿದಿತ್ತು. ಆದರೂ ಸಮಾಜವು ಅವರ ಹಾಡನ್ನು ಬಯಸಿತೇ ಹೊರತು ಅವರನ್ನು ತನ್ನ ಮನೆಯೊಳಕ್ಕೆ ಬಿಟ್ಟುಕೊಳ್ಳಲಿಲ್ಲ. ದಕ್ಷಿಣದಲ್ಲಿಯೂ ಇದೇ ಸ್ಥಿತಿ. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ಬೆಂಗಳೂರು ನಾಗರತ್ನಮ್ಮನವರು ನಂಜನಗೂಡಿನಲ್ಲಿ ಹುಟ್ಟಿದವರು. ಅವರೂ ದೇವದಾಸಿ ಮನೆತನದಿಂದಲೇ ಬಂದವರು. ವಿದ್ಯೆಯನ್ನು ಹೊಗಳಿ ವಿದ್ಯಾವಂತೆಯನ್ನು ತೆಗಳುವುದು ಎಂತಹ ನ್ಯಾಯ? ಗೌಹರ್ ಜಾನಳ ಬಾಳನ್ನು ಓದುವಾಗ ಈ ಪ್ರಶ್ನೆ ಮತ್ತೆ ಮತ್ತೆ ನಮ್ಮೆದುರಿಗೆ ಬಂದು ನಿಲ್ಲುತ್ತದೆ.

ಕಾಶಿಯಲ್ಲಿ ಮಲ್ಕಾ ಜಾನಳಿಗೆ ಗಾಯಕಿಯೆಂದೂ ನರ್ತಕಿಯೆಂದೂ ಕೀರ್ತಿ ಬಂದಿತು. ಅದೇ ಹೆಸರಿನ ಬೇರೆ ಗಾಯಕಿಯರೂ ಇದ್ದುದರಿಂದ ಜನ ಆಕೆಯನ್ನು ಬಡೀ ಮಲ್ಕಾ ಜಾನ್ ಎಂದು ಕರೆದರು. ೧೮೮೩ರಲ್ಲಿ ಆಕೆ ಮಗಳೊಡನೆ ಕಲ್ಕತ್ತೆಗೆ ಹೊರಟಳು. ಆಗ್ಗೆ ಕಲ್ಕತ್ತೆಯೇ ಬ್ರಿಟಿಷ್ ಇಂಡಿಯಾದ ರಾಜಧಾನಿ. ಇಂಗ್ಲಿಷರು ೧೮೫೬ರಲ್ಲಿ ಪಟ್ಟದಿಂದಿಳಿಸಿದ ಅವಧ್ ಪ್ರಾಂತದ ನವಾಬ ವಾಜಿದ್ ಅಲಿ ಷಾ, ಆ ನಗರದ ಹೊರವಲಯದಲ್ಲಿ ಹೂಗ್ಲಿ ನದಿಯ ದಡದ ಮಟಿಯಾಬುರ್ಜಿನಲ್ಲಿ ನೆಲೆಸಿದ್ದನು. ರಾಜ್ಯ ಹೋದರೂ ಅವನ ಕಲಾಪ್ರೇಮ ಹೋಗಿರಲಿಲ್ಲ. ಲಖ್ನೋದ ಗಾಯಕರು, ನರ್ತಕರು, ಕವಿಗಳು, ಅಡುಗೆಯವರು ಎಲ್ಲರೂ ಅವನ ಹಿಂದೆಯೇ ಬಂದು ಅಲ್ಲೊಂದು ಚಿಕ್ಕ ಲಖ್ನೋವನ್ನೇ ನಿರ್ಮಿಸಿದ್ದರು. ಆ ಸಭೆಯಲ್ಲಿ ಮಲ್ಕಾ ಜಾನಳಿಗೆ ಆಶ್ರಯ ದೊರೆಯಿತು. ಮೂರು ವರ್ಷಗಳೊಳಗಾಗಿ ಆಕೆ ಚಿತ್ಪುರ ರಸ್ತೆಯಲ್ಲಿ ೪೦,೦೦೦ ರೂಪಾಯಿ ಕೊಟ್ಟು ಒಂದು ದೊಡ್ಡ ಮನೆಯನ್ನು ಕೊಂಡಳು. ಕೆಲವೇ ವರ್ಷಗಳ ಹಿಂದೆ ದಿಕ್ಕಿಲ್ಲದೆ ನಿಂತಿದ್ದ ತಾಯಿ ಇವಳೇ ಎಂದರೆ ನಂಬುವುದು ಕಷ್ಟ.

ಕೈಯಲ್ಲಿ ಹಣ ಬಂದಾಗ ಮಲ್ಕಾ ಜಾನ್ ಮಾಡಿದ ಅತ್ಯುತ್ತಮ ಕೆಲಸವೆಂದರೆ ಮಗಳ ವಿದ್ಯಾಭ್ಯಾಸ. ಹತ್ತು ವರ್ಷದ ಬಾಲಿಕೆಯನ್ನು ಆಕೆ ಒಬ್ಬ ಗುರುವಿನ ಕೈಗೆ ಒಪ್ಪಿಸಿ ಸುಮ್ಮನಾಗಲಿಲ್ಲ. ಯಾವ ವಿದ್ಯೆಗೆ ಯಾರು ಶ್ರೇಷ್ಠರೋ ಅವರನ್ನೇ ಅರಸಿದಳು. ಪಟಿಯಾಲದ ಕಾಲೇ ಖಾನರೂ ರಾಂಪುರದ ಉಸ್ತಾದ್ ವಜೀರ್ ಖಾನರೂ ಹಿಂದೂಸ್ಥಾನಿ ಗಾಯನವನ್ನು ಹೇಳಿಕೊಟ್ಟರು. ಸೃಜನಬಾಯಿಯಿಂದ ಧ್ರುಪದ ಧಮಾರಗಳ ಪಾಠವಾಯಿತು. ಕಥಕ್ ನೃತ್ಯಕ್ಕೆ ಲಖ್ನೋದ ಬಿಂದಾದೀನ್ ಮಹಾರಾಜರು ಗುರುಗಳು. ಬಂಗಾಲಿ ಕೀರ್ತನೆಗಳನ್ನು ಚರಣದಾಸರು ಕಲಿಸಿದರು. ಉರ್ದು, ಫಾರಸಿ, ಬಂಗಾಲಿ, ಇಂಗ್ಲಿಷುಗಳೂ ಬಾಲಿಕೆಯ ನಾಲಗೆಗೆ ಒಗ್ಗಿದವು. ಮುಂದೆ ಅವಳು ಹಮ್ದಮ್ ಎಂಬ ಕಾವ್ಯನಾಮದಿಂದ ಗಜಲ್‌ಗಳನ್ನೂ ಬರೆದಳು.

ಸಂಗೀತ ಕಲಿಯುವುದೆಂದರೆ ನಾಲ್ಕು ಹಾಡು ಬಾಯಿಪಾಠ ಮಾಡುವುದೆಂದು ತಿಳಿಯಬಾರದು. ಆ ಪದ್ಧತಿಯಲ್ಲಿ ಶಿಷ್ಯನು ಒಂದೇ ಸ್ವರವನ್ನು ಅಲುಗದಂತೆ ನಿಲ್ಲಿಸಲು ದಿನಗಟ್ಟಲೆ ಸಾಧನೆ ಮಾಡಬೇಕು. ಒಂದು ರಾಗದ ಏರಿಳಿತ, ಅದರಲ್ಲಿ ಒತ್ತಿ ಹೇಳಬೇಕಾದ ಸ್ವರ, ಮುಟ್ಟಿಯೂ ಮುಟ್ಟದಂತೆ ಸಾಗಬೇಕಾದ ಸ್ವರ, ಇವುಗಳನ್ನು ಗುರುವಿನ ಎದುರಿಗೆ ಕುಳಿತು ಕಿವಿಯಿಂದಲೇ ಹಿಡಿಯಬೇಕು. ಪುಸ್ತಕವಿಲ್ಲ, ಕರಿಹಲಗೆಯಿಲ್ಲ. ಠುಮರಿಯಂತೂ ಇನ್ನೂ ಸೂಕ್ಷ್ಮ. ಒಂದೇ ಸಾಲಿನ ಮಾತನ್ನು ಹತ್ತು ಸಲ ಹಾಡಿ, ಹತ್ತು ಸಲವೂ ಬೇರೆ ಬೇರೆ ಭಾವವನ್ನು ತೋರಬೇಕು. ಗೌಹರಳು ಇಂತಹ ಸಾಧನೆಯಲ್ಲಿ ತನ್ನ ಬಾಲ್ಯವನ್ನು ಸವೆಸಿದಳು. ಬೆಳೆಯ ಸಿರಿ ಮೊಳಕೆಯಲ್ಲಿ ಎಂಬ ಗಾದೆ ಇದೆ. ಆದರೆ ಮೊಳಕೆಗೆ ದಿನವೂ ನೀರೆರೆದ ಕೈಗಳನ್ನು ನಾವು ಮರೆಯಬಾರದು.

೧೮೮೭ರಲ್ಲಿ ಆ ಸಾಧನೆಯ ಮೊದಲ ಫಲ ಕಂಡಿತು. ಬಿಹಾರದ ದರ್ಭಂಗಾ ಸಂಸ್ಥಾನದಲ್ಲಿ ಗೌಹರ್ ಜಾನಳ ಪ್ರಥಮ ಕಛೇರಿ ನಡೆಯಿತು. ಆಗ ಅವಳ ವಯಸ್ಸು ಹದಿನಾಲ್ಕು. ನಮ್ಮ ಶಾಲೆಯ ಎಂಟನೆಯ ಒಂಬತ್ತನೆಯ ತರಗತಿಯ ಹುಡುಗಿಯರ ವಯಸ್ಸು! ಹಿರಿಯ ಹಿರಿಯ ಉಸ್ತಾದರ ಗಾಯನವನ್ನು ಕೇಳಿ ಪಳಗಿದ್ದ ಸಭೆ ಅದು. ಆ ಸಭೆಯ ಮೆಚ್ಚುಗೆಯನ್ನು ಗಳಿಸಿ, ಆ ಸಂಸ್ಥಾನದ ಆಸ್ಥಾನ ಗಾಯಕಿಯೆಂಬ ಪದವಿಯನ್ನು ಆಕೆ ಪಡೆದಳು. ೧೮೯೬ರಿಂದ ಕಲ್ಕತ್ತೆಯಲ್ಲಿ ಆಕೆಯ ಕಛೇರಿಗಳು ಆರಂಭವಾದವು. ಸಿರಿವಂತರ ಮನೆಗಳ ಮದುವೆ ಹಬ್ಬಗಳಿಗೆ, ಸಂಸ್ಥಾನಗಳ ಉತ್ಸವಗಳಿಗೆ ಆಕೆಯನ್ನು ಕರೆಸುವುದು ಪ್ರತಿಷ್ಠೆಯ ವಿಷಯವಾಯಿತು. ಕಂಠದ ಮಾಧುರ್ಯ, ನೃತ್ಯದ ಲಾಲಿತ್ಯ, ಭಾಷೆಗಳ ಪರಿಚಯ, ಇವೆಲ್ಲ ಒಂದೆಡೆ ಸೇರಿದ್ದುದು ಅಪರೂಪವಾಗಿದ್ದಿತು.

ಇಷ್ಟಾದರೂ ಆಕೆಯ ಹಾಡನ್ನು ಕೇಳಿದವರು ಎಷ್ಟು ಜನ? ಸಭೆಯಲ್ಲಿ ಕುಳಿತ ನೂರು ಇನ್ನೂರು ಮಂದಿ. ಅವರಲ್ಲಿ ಬಡವರಿಲ್ಲ; ಮನೆವಂತ ಹೆಂಗಸರೂ ವಿರಳ. ಸಭೆ ಮುಗಿದೊಡನೆ ಹಾಡೂ ಮುಗಿಯುತ್ತಿತ್ತು. ತಾನಸೇನನ ಗಾಯನದ ಕಥೆ ನಮಗೆ ಉಳಿದಿದೆಯೇ ಹೊರತು ಅವನ ಧ್ವನಿ ಉಳಿದಿಲ್ಲ. ಆ ಮಿತಿಯನ್ನು ದಾಟಿಸುವ ಯಂತ್ರವೊಂದು ಹೊಸ ಶತಮಾನದ ಆರಂಭದಲ್ಲಿ ಹಡಗನ್ನೇರಿ ಕಲ್ಕತ್ತೆಗೆ ಬಂದಿತು.

೧೯೦೨ನೆಯ ಇಸವಿಯ ಕೊನೆಯಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪೆನಿಯು ಫ್ರೆಡ್ ಗೈಸ್‌ಬರ್ಗ್ ಎಂಬ ಅಮೆರಿಕನ್ ತಜ್ಞನನ್ನು ಪೂರ್ವ ದೇಶಗಳ ಸಂಗೀತವನ್ನು ಮುದ್ರಿಸಿ ತರುವುದಕ್ಕಾಗಿ ಕಳುಹಿಸಿತು. ಭಾರತದಲ್ಲಿ ಗ್ರಾಮಫೋನುಗಳನ್ನು ಮಾರಬೇಕಾದರೆ ಭಾರತೀಯರು ಮೆಚ್ಚುವ ಹಾಡುಗಳು ಬೇಕು ಎಂಬ ವ್ಯಾಪಾರದ ಲೆಕ್ಕಾಚಾರ ಅದರ ಹಿಂದಿತ್ತು. ಗೈಸ್‌ಬರ್ಗನು ಕಲ್ಕತ್ತೆಯ ಹೋಟೆಲೊಂದರ ಕೋಣೆಯಲ್ಲಿ ತನ್ನ ಸಲಕರಣೆಗಳನ್ನು ಹೂಡಿದನು. ಆದರೆ ಹಾಡಲು ಯಾರು ಬರುವರು? ಈ ಯಂತ್ರದ ಮುಂದೆ ಹಾಡಿದರೆ ಅದು ಕಂಠವನ್ನೇ ಹೀರಿಬಿಡುವುದೆಂದು ಅನೇಕ ಗಾಯಕರು ಹೆದರಿದರು. ತಲೆತಲಾಂತರದಿಂದ ಕಾಪಾಡಿದ ವಿದ್ಯೆ ಬೀದಿಯಲ್ಲಿ ಮಾರಾಟವಾಗುವುದೆಂದು ಇನ್ನು ಕೆಲವರು ಹಿಂಜರಿದರು. ಗಂಟೆಗಟ್ಟಲೆ ಹಾಡಬೇಕಾದ ರಾಗವನ್ನು ಕ್ಷಣಗಳಲ್ಲಿ ಮುಗಿಸುವುದು ಸಂಗೀತಕ್ಕೇ ಅವಮಾನವೆಂದು ಬಗೆದವರೂ ಇದ್ದರು. ಈ ಆತಂಕಗಳಲ್ಲಿ ಕೆಲವು ಮೌಢ್ಯವಾದರೂ ಎಲ್ಲವೂ ಮೌಢ್ಯವಲ್ಲ. ಹೊಸದು ಬಂದಾಗ ಹಳೆಯದನ್ನು ಬಲ್ಲವರಿಗೆ ಅಳುಕು ಸಹಜವೇ ಸರಿ.

ಗೌಹರ್ ಜಾನ್ ಬಂದಳು. ೧೯೦೨ನೆಯ ಇಸವಿ ನವೆಂಬರ್ ೧೧ನೆಯ ದಿನ. ಅದಕ್ಕೆ ಕೆಲವು ದಿನಗಳ ಮುನ್ನ ರಂಗಭೂಮಿಯ ಎಳೆಯ ಗಾಯಕಿಯರಿಬ್ಬರ ಹಾಡುಗಳು ಮುದ್ರಿತವಾಗಿದ್ದವು. ಆದುದರಿಂದ ಕಾಲದ ಲೆಕ್ಕದಲ್ಲಿ ಈಕೆ ಮೊಟ್ಟಮೊದಲಿಗಳಲ್ಲ. ಆದರೆ ದೊಡ್ಡ ವಿದ್ಯೆಯನ್ನು ಹೊತ್ತು ಆ ಯಂತ್ರದ ಮುಂದೆ ಬಂದು ಅದಕ್ಕೊಂದು ಗೌರವವನ್ನು ತಂದವಳು ಈಕೆಯೇ. ಆಗ ಆಕೆಗೆ ೨೯ ವರ್ಷ. ಪರಿವಾರದೊಡನೆ, ಬೆಲೆಬಾಳುವ ಉಡುಗೆ ತೊಡುಗೆಗಳೊಡನೆ ಬಂದಳು. ಒಮ್ಮೆ ತೊಟ್ಟ ಒಡವೆಯನ್ನು ಆಕೆ ಮತ್ತೊಮ್ಮೆ ಮುದ್ರಣಕ್ಕೆ ತೊಟ್ಟು ಬರುತ್ತಿರಲಿಲ್ಲವೆಂದು ಗೈಸ್‌ಬರ್ಗನು ಬೆರಗಿನಿಂದ ನೆನೆದಿದ್ದಾನೆ. ಹಾಡಿಗಾಗಿ ಆಕೆ ೩,೦೦೦ ರೂಪಾಯಿಗಳ ಸಂಭಾವನೆಯನ್ನು ಕೇಳಿ ಪಡೆದಳೆಂದು ಹೇಳುವರು. ತನ್ನ ವಿದ್ಯೆಯ ಬೆಲೆಯನ್ನು ತಾನೇ ನಿರ್ಧರಿಸಿ ಹೇಳುವ ಧೈರ್ಯ ಆಕೆಯಲ್ಲಿತ್ತು.

ಆ ಕಾಲದ ಧ್ವನಿಮುದ್ರಣ ಹೇಗಿತ್ತೆಂಬುದನ್ನು ಇಂದಿನ ಮಕ್ಕಳು ಊಹಿಸುವುದು ಕಷ್ಟ. ಈಗ ಕೈಯಲ್ಲಿ ಹಿಡಿದ ಫೋನಿನ ಗುಂಡಿಯನ್ನು ಒತ್ತಿದರೆ ಪಿಸುಮಾತೂ ಮುದ್ರಿತವಾಗುತ್ತದೆ. ಆಗ ಮೈಕೂ ಇಲ್ಲ, ವಿದ್ಯುತ್ತಿನ ನೆರವೂ ಇಲ್ಲ. ಗೋಡೆಯಿಂದ ಒಂದು ದೊಡ್ಡ ಕಹಳೆಯ ಬಾಯಿ ಹೊರಚಾಚಿರುತ್ತಿತ್ತು. ಗಾಯಕಿ ಅದರ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ಧ್ವನಿಯ ಅಲೆಗಳು ಕಹಳೆಯ ತುದಿಯಲ್ಲಿದ್ದ ತೆಳುವಾದ ಪೊರೆಯನ್ನು ನಡುಗಿಸುವುವು. ಪೊರೆಗೆ ಸೇರಿದ ಮೊನೆಯು ತಿರುಗುತ್ತಿರುವ ಮೇಣದ ತಟ್ಟೆಯ ಮೇಲೆ ಕೂದಲಿನಂತಹ ಗೆರೆಯನ್ನು ಕೊರೆಯುವುದು. ಆ ಗೆರೆಯ ಓರೆಕೋರೆಗಳೇ ಹಾಡು. ತಲೆ ಅತ್ತಿತ್ತ ಅಲುಗಿದರೆ ಧ್ವನಿ ಕ್ಷೀಣಿಸುವುದು. ತಾರಸ್ವರವನ್ನು ಕಹಳೆಗೆ ತೀರ ಸಮೀಪದಲ್ಲಿ ಹಾಡಿದರೆ ಮುದ್ರಣ ಕೆಡುವುದು. ಸಭೆಯಲ್ಲಿ ಕೈಬೀಸಿ, ಕಣ್ಣಿನಿಂದ ಭಾವ ತೋರಿ, ಕೇಳುವವರ ಮುಖವನ್ನು ನೋಡುತ್ತ ಹಾಡಿದವಳಿಗೆ ಇಲ್ಲಿ ಎದುರಿಗಿದ್ದುದು ಕಹಳೆಯ ಕತ್ತಲೆ ಒಂದೇ. ತಪ್ಪಿದರೆ ತಿದ್ದುವ ಉಪಾಯವಿಲ್ಲ. ಮತ್ತೊಂದು ತಟ್ಟೆಯನ್ನಿಟ್ಟು ಮೊದಲಿನಿಂದ ಹಾಡಬೇಕು.

ಎಲ್ಲಕ್ಕಿಂತ ದೊಡ್ಡ ಕಷ್ಟ ಕಾಲದ್ದು. ಒಂದು ತಟ್ಟೆಯಲ್ಲಿ ಹೆಚ್ಚೆಂದರೆ ಸುಮಾರು ಮೂರು ನಿಮಿಷದ ಹಾಡು ಹಿಡಿಸುತ್ತಿತ್ತು. ಆಲಾಪವನ್ನು ನಿಧಾನವಾಗಿ ಬೆಳೆಸಿ, ಸ್ವರ ಸ್ವರವಾಗಿ ರಾಗದ ಮನೆಯನ್ನು ಕಟ್ಟುವ ಪದ್ಧತಿಯಲ್ಲಿ ಪಳಗಿದವರಿಗೆ ಮೂರು ನಿಮಿಷವೆಂದರೆ ಶ್ರುತಿ ಕೂಡಿಸುವಷ್ಟು ಹೊತ್ತು. ಗೌಹರ್ ಜಾನ್ ಇದಕ್ಕೆ ಒಂದು ದಾರಿ ಕಂಡಳು. ರಾಗದ ಜೀವಸ್ವರಗಳನ್ನು ಮೊದಲ ಕ್ಷಣದಲ್ಲಿಯೇ ಮುಟ್ಟಿ ಅದರ ಚಹರೆಯನ್ನು ತೋರಿಸುವಳು. ತಡಮಾಡದೆ ಹಾಡಿನ ಪಲ್ಲವಿಗೆ ಬರುವಳು. ನಡುನಡುವೆ ಮಿಂಚಿನಂತಹ ತಾನಗಳನ್ನು ಹೊಳೆಯಿಸಿ, ಲಯವನ್ನು ಚುರುಕುಗೊಳಿಸಿ, ಹೊತ್ತು ಮೀರುವ ಮೊದಲು ಮುಗಿಸುವಳು. ಕಡಲನ್ನು ಕೊಡದಲ್ಲಿ ತುಂಬಲಾಗದು, ನಿಜ. ಆದರೆ ಆ ಕೊಡದ ನೀರಿನಲ್ಲಿ ಕಡಲಿನ ರುಚಿ ಇರುವಂತೆ ಮಾಡಬಹುದು. ಅದನ್ನು ಮಾಡಬೇಕಾದರೆ ಕಡಲನ್ನು ಬಲ್ಲವರೇ ಆಗಬೇಕು. ಹತ್ತು ಹದಿನೈದು ವರ್ಷಗಳ ಸಾಧನೆ ಇಲ್ಲದವರಿಗೆ ಆ ಮೂರು ನಿಮಿಷಗಳು ದಕ್ಕುತ್ತಿರಲಿಲ್ಲ. ಆಕೆಯ ನಂತರ ಬಂದ ಅನೇಕ ಗಾಯಕ ಗಾಯಕಿಯರು ಇದೇ ಮಾದರಿಯನ್ನು ಅನುಸರಿಸಿದರು. ಹೆಚ್ಚು ಕಡಿಮೆ ಮೂರು ನಿಮಿಷದ ಹಾಡು ಎಂಬ ಅಳತೆ ಮುಂದೆ ನಮ್ಮ ಸಿನಿಮಾ ಹಾಡುಗಳಿಗೂ ಬಂದುದು ಈ ತಟ್ಟೆಗಳಿಂದಲೇ.

ಹಾಡು ಮುಗಿದೊಡನೆ ಗೌಹರ್ ಜಾನ್ ಕಹಳೆಯೊಳಕ್ಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಘೋಷಿಸುತ್ತಿದ್ದಳು. ಇದಕ್ಕೆ ಒಂದು ವ್ಯಾವಹಾರಿಕ ಕಾರಣವಿತ್ತು. ಮೇಣದ ಮುದ್ರಣಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಜರ್ಮನಿಯ ಹಾನೋವರ್ ನಗರಕ್ಕೆ ಕಳುಹಿಸುತ್ತಿದ್ದರು. ಅಲ್ಲಿಯ ಕಾರ್ಖಾನೆಯಲ್ಲಿ ಅವುಗಳಿಂದ ಗಟ್ಟಿ ತಟ್ಟೆಗಳು ತಯಾರಾಗಿ ಹಡಗಿನಲ್ಲಿ ಹಿಂದಿರುಗುತ್ತಿದ್ದವು. ನಮ್ಮ ಭಾಷೆಗಳನ್ನರಿಯದ ಅಲ್ಲಿನ ಕೆಲಸಗಾರರಿಗೆ ಯಾವ ಹಾಡು ಯಾರದೆಂದು ತಿಳಿಯಲು, ಚೀಟಿಯ ಮೇಲೆ ಸರಿಯಾದ ಹೆಸರನ್ನು ಅಚ್ಚು ಹಾಕಲು, ಈ ಘೋಷಣೆ ಬೇಕಾಗಿತ್ತು. ಆದರೆ ವ್ಯವಹಾರಕ್ಕಾಗಿ ಹೇಳಿದ ಆ ಮಾತು ಜನರ ಕಿವಿಯಲ್ಲಿ ಬೇರೆಯೇ ಆಗಿ ನಿಂತಿತು. ತಂದೆಯ ಹೆಸರನ್ನು ಹೇಳಿಕೊಳ್ಳಲಾಗದೆ, ಕುಲಗೋತ್ರಗಳ ಬಲವಿಲ್ಲದೆ ಬೆಳೆದ ಹೆಣ್ಣೊಬ್ಬಳು ಯಾರ ಹಂಗೂ ಇಲ್ಲದೆ ತಾನು ಯಾರೆಂಬುದನ್ನು ನಿರ್ಭಯವಾಗಿ ಸಾರುತ್ತಿದ್ದಳು. ಹಾಡಿನಷ್ಟೇ ಆ ಘೋಷಣೆಯೂ ಪ್ರಸಿದ್ಧವಾಯಿತು.

೧೯೦೩ರಲ್ಲಿ ತಟ್ಟೆಗಳು ಭಾರತದ ಪೇಟೆಗೆ ಬಂದವು. ಅವುಗಳನ್ನು ತಯಾರಿಸುತ್ತಿದ್ದುದು ಅರಗು ಬೆರೆಸಿದ ಮಿಶ್ರಣದಿಂದ. ಪಾಂಡವರ ಅರಗಿನ ಮನೆಯ ಕಥೆ ನಿಮಗೆಲ್ಲ ಗೊತ್ತಷ್ಟೆ. ಆ ಅರಗೇ ನಮ್ಮ ಕಾಡುಗಳಿಂದ ವಿದೇಶಗಳಿಗೆ ಹೋಗಿ, ನಮ್ಮ ಹಾಡನ್ನು ಹೊತ್ತು ಹಿಂದಿರುಗುತ್ತಿತ್ತು. ಕೀಲಿ ಕೊಟ್ಟರೆ ತಿರುಗುವ ಗ್ರಾಮಫೋನಿಗೆ ವಿದ್ಯುತ್ತು ಬೇಕಿರಲಿಲ್ಲವಾದ್ದರಿಂದ ಅದು ಹಳ್ಳಿಗೂ ಹೋಗಬಲ್ಲುದಾಯಿತು. ತವಾಯಿಫಳ ಹಾಡನ್ನು ಕೇಳುವುದೇ ನಿಷಿದ್ಧವೆಂದಿದ್ದ ಮನೆಗಳ ನಡುಮನೆಯಲ್ಲಿ ಹೆಂಗಸರೂ ಮಕ್ಕಳೂ ಕುಳಿತು ಗೌಹರ್ ಜಾನಳ ಹಾಡನ್ನು ಕೇಳಿದರು. ಬಾಗಿಲಿನಿಂದ ಒಳಗೆ ಬಿಡದಿದ್ದವರ ಮನೆಯನ್ನು ಆಕೆ ಕಹಳೆಯ ಮೂಲಕ ಪ್ರವೇಶಿಸಿದಳು! ಮಾರಾಟ ಎಷ್ಟು ಹೆಚ್ಚಿತೆಂದರೆ ೧೯೦೮ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿಯೇ ತಟ್ಟೆಗಳ ಕಾರ್ಖಾನೆ ಆರಂಭವಾಯಿತು.

೧೯೦೨ರಿಂದ ೧೯೨೦ರವರೆಗೆ ಆಕೆಯ ಸುಮಾರು ೬೦೦ ಹಾಡುಗಳು ಮುದ್ರಿತವಾದವು. ಹಿಂದೂಸ್ಥಾನಿ, ಬಂಗಾಲಿ, ಗುಜರಾತಿ, ಮರಾಠಿ, ತಮಿಳು, ಫಾರಸಿ, ಅರಬ್ಬಿ, ಪುಷ್ತು, ಇಂಗ್ಲಿಷ್, ಫ್ರೆಂಚ್ ಮೊದಲಾದ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಆಕೆ ಹಾಡಿದಳು. ಆಕೆಯ ಭಾವಚಿತ್ರವಿದ್ದ ಅಂಚೆಕಾರ್ಡುಗಳು ಮಾರಾಟವಾದವು. ಆಸ್ಟ್ರಿಯಾ ದೇಶದಲ್ಲಿ ತಯಾರಾದ ಬೆಂಕಿಪೊಟ್ಟಣಗಳ ಮೇಲೂ ಆಕೆಯ ಚಿತ್ರ ಅಚ್ಚಾಯಿತು. ೧೯೧೦ರಲ್ಲಿ ಮದರಾಸಿನ ವಿಕ್ಟೋರಿಯಾ ಪಬ್ಲಿಕ್ ಹಾಲಿನಲ್ಲಿ ಆಕೆಯ ಕಛೇರಿ ನಡೆಯಿತು. ಬಳಿಕ ಆಕೆಯ ಹಾಡುಗಳು ತಮಿಳಿನ ಸಂಗೀತ ಪುಸ್ತಕವೊಂದರಲ್ಲಿಯೂ ಸೇರಿದವು. ೧೯೧೧ರ ಡಿಸೆಂಬರಿನಲ್ಲಿ ಐದನೆಯ ಜಾರ್ಜ್ ಚಕ್ರವರ್ತಿಯ ಪಟ್ಟಾಭಿಷೇಕದ ನಿಮಿತ್ತ ದೆಹಲಿಯಲ್ಲಿ ನಡೆದ ದರ್ಬಾರಿನಲ್ಲಿ ಆಕೆ ಅಲಹಾಬಾದಿನ ಜಾನಕೀಬಾಯಿಯೊಡನೆ ಹಾಡಿದಳು. ಆಜಮಗಢದ ಅನಾಥಪ್ರಾಯ ಬಾಲಿಕೆ ಮೂವತ್ತೆಂಟನೆಯ ವಯಸ್ಸಿಗೆ ತಲುಪಿದ ಎತ್ತರ ಇದು.

ಸಂಪತ್ತು ಹೊಳೆಯಾಗಿ ಹರಿದುಬಂದಿತು, ಹೊಳೆಯಾಗಿಯೇ ಹರಿದುಹೋಯಿತು. ಆಕೆಯ ದುಂದಿನ ಬಗ್ಗೆ ಕಥೆಗಳು ಅನೇಕ. ಸಾಕಿದ ಬೆಕ್ಕು ಮರಿಹಾಕಿತೆಂದು ೨೦,೦೦೦ ರೂಪಾಯಿ ವೆಚ್ಚದ ಔತಣ ಮಾಡಿಸಿದಳೆಂದೂ, ಶ್ರೀಸಾಮಾನ್ಯರಿಗೆ ನಿಷೇಧವಾಗಿದ್ದ ಭಾರಿ ಸಾರೋಟಿನಲ್ಲಿ ಕುಳಿತು ಸುತ್ತಾಡಿ ೧,೦೦೦ ರೂಪಾಯಿ ದಂಡ ತೆತ್ತಳೆಂದೂ ಹೇಳುವರು. ಇವನ್ನು ಕೇಳಿ ನಗಬಹುದು. ಆದರೆ ಸಮಾಜವು ಕೊಡದ ಗೌರವವನ್ನು ಆಡಂಬರದಿಂದ ಪಡೆಯಲು ಹೊರಟ ಮನಸ್ಸಿನ ನೋವು ಆ ನಗೆಯ ಹಿಂದೆ ಕಾಣದಿರುವುದಿಲ್ಲ.

ಇದರ ನಡುವೆ ದುಃಖಗಳೂ ಬಂದೊದಗಿದವು. ೧೯೦೬ರಲ್ಲಿ ತಾಯಿ ಮಲ್ಕಾ ಜಾನ್ ತೀರಿಕೊಂಡಳು. ಆ ಬಳಿಕ ಮನೆಯ ಆಳಿನ ಮಗನಾಗಿ ಬೆಳೆದವನೊಬ್ಬನು ತಾನೇ ಮಲ್ಕಾ ಜಾನಳ ಮಗನೆಂದೂ ಆಸ್ತಿಯೆಲ್ಲ ತನ್ನದೆಂದೂ ದಾವೆ ಹೂಡಿದನು. ತನ್ನ ಹೆಸರನ್ನು ದೇಶಕ್ಕೆಲ್ಲ ಸಾರಿ ಹೇಳಿದವಳು ತಾನು ಯಾರ ಮಗಳೆಂಬುದನ್ನು ನ್ಯಾಯಾಲಯದಲ್ಲಿ ರುಜುವಾತುಪಡಿಸಬೇಕಾಯಿತು. ಎಳವೆಯಲ್ಲಿಯೇ ಅಗಲಿದ್ದ ತಂದೆಯನ್ನು ಹುಡುಕಿ, ಅವನಿಂದ ಸಾಕ್ಷಿ ಹೇಳಿಸಿ, ಆಕೆ ಗೆದ್ದಳು. ಗೆದ್ದರೂ ವ್ಯಾಜ್ಯದಲ್ಲಿ ಹೋದ ಹಣ, ನೆಮ್ಮದಿಗಳು ಮರಳಲಿಲ್ಲ. ನಂಬಿದವರು ಕೈಬಿಟ್ಟರು, ಮುಂದೆಯೂ ವ್ಯಾಜ್ಯಗಳು ಬೆನ್ನುಹತ್ತಿದವು.

೧೯೨೦ರ ಸುಮಾರಿನ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಸ್ವರಾಜ್ಯ ನಿಧಿಗಾಗಿ ಒಂದು ಕಛೇರಿ ಮಾಡಿಕೊಡಬೇಕೆಂದು ಗಾಂಧೀಜಿಯವರು ಆಕೆಯನ್ನು ಕೇಳಿಕೊಂಡರಂತೆ. ಅವರೂ ಬಂದು ಕೇಳುವುದಾದರೆ ಹಾಡುವೆನೆಂದು ಆಕೆ ಒಪ್ಪಿದಳಂತೆ. ಕಛೇರಿಯ ದಿನ ಅವರಿಗೆ ಬರಲಾಗಲಿಲ್ಲ. ಕೂಡಿದ ೨೪,೦೦೦ ರೂಪಾಯಿಗಳಲ್ಲಿ ಅರ್ಧವನ್ನು ಮಾತ್ರ ಆಕೆ ನಿಧಿಗೆ ಕೊಟ್ಟಳೆಂದು ಹೇಳುವರು. ಇದನ್ನು ಹಣದಾಸೆಯೆಂದು ಕೆಲವರು ಎಣಿಸಿಯಾರು. ಆದರೆ ಕೊಟ್ಟ ಮಾತಿಗೆ ದೊಡ್ಡವರೂ ಚಿಕ್ಕವರೂ ಸಮನಾಗಿ ಬದ್ಧರು ಎಂಬ ಸ್ವಾಭಿಮಾನವನ್ನೂ ಅದರಲ್ಲಿ ಕಾಣಬಹುದಾಗಿದೆ.

ವಯಸ್ಸು ಇಳಿಯಿತು, ಹೊಸ ಗಾಯಕಿಯರು ಬಂದರು, ಕಲ್ಕತ್ತೆಯ ಮನೆ ಆಸ್ತಿಗಳು ಕರಗಿದವು. ಆಗ ಆಕೆಗೆ ಆಸರೆಯಾದುದು ಮೈಸೂರು. ಸಂಗೀತಗಾರರ ಕಾಮಧೇನುವೆನಿಸಿದ್ದ ನಾಲ್ವಡಿ ಕೃಷ್ಣರಾಜ ಒಡೆಯರವರು ೧೯೨೮ನೆಯ ಇಸವಿ ಆಗಸ್ಟ್ ೧ರಂದು ಆಕೆಯನ್ನು ಅರಮನೆಯ ಸಂಗೀತ ವಿದುಷಿಯಾಗಿ ನೇಮಿಸಿದರು. ತಿಂಗಳಿಗೆ ೫೦೦ ರೂಪಾಯಿ ಸಂಬಳ. ಇರಲು ದಿಲ್‌ಖುಷ್ ಎಂಬ ಮನೆ. ಒಂದು ಕಾಲಕ್ಕೆ ಮೂರು ನಿಮಿಷಗಳ ಹಾಡಿಗೆ ಸಾವಿರಗಟ್ಟಲೆ ಪಡೆದವಳಿಗೆ ಅದು ಅಲ್ಪವೆನಿಸಿರಬಹುದು. ಆದರೆ ಹತ್ತಿರದವರೆಲ್ಲ ದೂರವಾದ ಹೊತ್ತಿನಲ್ಲಿ ದೂರದ ನಾಡೊಂದು ವಿದ್ಯೆಯನ್ನು ಗುರುತಿಸಿ ಕರೆದು ಆದರಿಸಿದುದು ಅಲ್ಪವಲ್ಲ. ಅಲ್ಲಿ ಆಕೆ ಬಹುಕಾಲ ಬಾಳಲಿಲ್ಲ. ೧೯೩೦ನೆಯ ಇಸವಿ ಜನವರಿ ೧೭ರಂದು ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ, ೫೬ನೆಯ ವಯಸ್ಸಿನಲ್ಲಿ, ಗೌಹರ್ ಜಾನ್ ಕೊನೆಯುಸಿರೆಳೆದಳು.

ಆ ಬಳಿಕ ಬಹುಕಾಲ ದೇಶ ಆಕೆಯನ್ನು ಮರೆಯಿತು. ಮೈಸೂರು ಅರಮನೆಯ ಹಳೆಯ ಕಡತಗಳಲ್ಲಿ ಆಕೆಗೆ ಸಂಬಂಧಿಸಿದ ಕಾಗದಗಳು ಮಲಗಿದ್ದವು. ಬೆಂಗಳೂರಿನ ವಿಕ್ರಮ್ ಸಂಪತ್ ಎಂಬ ಲೇಖಕರು ಅವನ್ನು ಕಂಡು, ಜಾಡು ಹಿಡಿದು ಹೋಗಿ, ೨೦೧೦ರಲ್ಲಿ ಆಕೆಯ ಸವಿವರವಾದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಇಂದು ಆಕೆಯ ಹಾಡುಗಳನ್ನು ಯಾರು ಬೇಕಾದರೂ ಕೇಳಬಹುದು. ನೂರು ವರ್ಷ ಸವೆದ ತಟ್ಟೆಯ ಕರಕರ ಸದ್ದಿನ ನಡುವೆಯೂ ಆ ತಾನಗಳು ಸ್ಪಷ್ಟವಾಗಿ ಕೇಳುತ್ತವೆ. ಕೊನೆಗೆ ಆ ಹೆಸರೂ ಕೇಳುತ್ತದೆ.

ವಿದ್ಯಾರ್ಥಿಗಳೇ, ಈ ಮುಂಬಯಿಯಲ್ಲಿ ನಾವು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಪೇಟೆಯಲ್ಲಿ ಹಿಂದಿ ಆಡಿ ಬಾಳುವವರು. ಹಲವು ಭಾಷೆಗಳ ನಡುವೆ ಬೆಳೆಯುವುದು ನಮಗೊಂದು ಕೊರತೆಯೆಂದು ಕೆಲವರು ನಿಮಗೆ ಹೇಳಿಯಾರು. ಗೌಹರ್ ಜಾನಳಿಗೆ ಅದೇ ಬಲವಾಯಿತು. ನಮ್ಮ ಊರು ಯಾವುದು, ಕುಲ ಯಾವುದು, ಅಪ್ಪನ ಕೆಲಸ ಯಾವುದು ಎಂದು ಕೇಳುವವರು ಎಲ್ಲ ಕಾಲದಲ್ಲಿಯೂ ಇರುವರು. ಅವರಿಗೆ ಆಕೆ ಮಾತಿನಿಂದ ಉತ್ತರ ಕೊಡಲಿಲ್ಲ. ಹತ್ತಾರು ವರ್ಷ ಕಲಿತ ವಿದ್ಯೆಯಿಂದ ಕೊಟ್ಟಳು. ಯಂತ್ರ ಹೊಸದೆಂದು ಹೆದರಲಿಲ್ಲ. ಹೊಸದೆಂಬ ಕಾರಣಕ್ಕೆ ಹಳೆಯ ವಿದ್ಯೆಯನ್ನು ಬಿಡಲೂ ಇಲ್ಲ. ಗಳಿಸಿದುದನ್ನು ಉಳಿಸಿಕೊಳ್ಳುವ ವಿವೇಕ ಮಾತ್ರ ಸಾಲದೆ ಹೋಯಿತು. ಆ ಪಾಠವನ್ನೂ ಆಕೆಯ ಬಾಳಿನಿಂದಲೇ ನಾವು ಕಲಿಯಬೇಕು. ರಜೆಯಲ್ಲಿ ಮೈಸೂರಿಗೆ ಹೋದಾಗ ಅರಮನೆಯ ದೀಪಗಳನ್ನು ನೋಡುವಿರಷ್ಟೆ. ಆ ಅರಮನೆಯ ವಿದುಷಿಯಾಗಿ, ಆ ಊರಿನಲ್ಲಿಯೇ ಕಣ್ಮುಚ್ಚಿದ ಈ ಪರಸ್ಥಳದ ಗಾಯಕಿಯನ್ನು ಒಂದು ಕ್ಷಣ ನೆನೆಯಿರಿ.